ಮಕ್ಕಳ ಜ್ವರದಲ್ಲಿ ಲಾಭವಿಲ್ಲ

ಹೋದ ಮಳೆಗಾಲದಲ್ಲಿ ನನ್ನ ತಂಗಿ ಕನ್ನೊಳ್ಳಿಯಿಂದ ತನ್ನ ನಾಲ್ಕು ವರ್ಷದ ಮಗನನ್ನು ಹೊತ್ತುಕೊಂಡು ಬಂದಳು. ಜ್ವರ ಏರಿ ಹುಡುಗನಿಗೆ ಸೆಳೆತ ಬಂದಿತ್ತು. ಪಟ್ಟಣದ ದೊಡ್ಡದೊಂದು ಖಾಸಗಿ ದವಾಖಾನೆಗೆ ಓಡಿದೆವು. “ಮಕ್ಕಳ ವಾರ್ಡು ಹೋದ ವರ್ಷನ ಬಂದ್ ಆಗ್ಯಾದ್ರಿ ಸರ, ಅಲ್ಲೀಗ ಹಾರ್ಟಿನ ವಿಭಾಗ ಅದ” ಎಂದ ಕಾರಕೂನ. ಆತನ ಮಾತಿನಲ್ಲಿ ಒರಟುತನವಿರಲಿಲ್ಲ. ಅಂಗಡಿಯಲ್ಲಿ ಸರಕು ಮುಗಿದಿದೆ ಎನ್ನುವ ಧಾಟಿಯಿತ್ತು. ಸರಕಾರಿ ಆಸ್ಪತ್ರೆಯಲ್ಲಿ ಹುಡುಗ ಉಳಿದ.

ಇದರ ಲೆಕ್ಕವನ್ನು ವೈದ್ಯಮಿತ್ರರೊಬ್ಬರು ಆಮೇಲೆ ನನಗೆ ಬಿಡಿಸಿ ಹೇಳಿದರು. ಮಗುವಿನ ಜ್ವರಕ್ಕೆ ಬೇಕಾದದ್ದು ರಾತ್ರಿಯಿಡೀ ಎಚ್ಚರವಿರುವ ದಾದಿ, ಮೇಲಿಂದ ಮೇಲೆ ಬಂದು ನೋಡುವ ಡಾಕ್ಟರು. ಬಿಲ್ಲಿನಲ್ಲಿ ಇವೆರಡಕ್ಕೂ ಹೆಚ್ಚು ಬೆಲೆ ಬರೆಯಲಾಗದು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಕೂಡಿಸುವುದಾದರೋ ಕೆಲವೇ ತಾಸುಗಳ ಕೆಲಸ. ಕೈಕೆಲಸದ ಜೊತೆಗೆ ಸಾಮಾನಿನ ಮೇಲೂ ಗಳಿಕೆ. ಎಷ್ಟು ಗಳಿಕೆ? 2017ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು ಔಷಧಲೇಪಿತ ಸ್ಟೆಂಟಿಗೆ 29,600 ರೂಪಾಯಿಯ ಮಿತಿ ಹಾಕಿತು. ಅದಕ್ಕೆ ಮೊದಲು ಅದೇ ವಸ್ತು ಲಕ್ಷ ರೂಪಾಯಿ ಮೀರಿ ಮಾರಾಟವಾಗುತ್ತಿತ್ತು. ನಡುವಿನ ಲಾಭದಲ್ಲಿ ಸಿಂಹಪಾಲು ಆಸ್ಪತ್ರೆಗಳದೆಂದು ಪ್ರಾಧಿಕಾರದ ಅಂಕಿಗಳೇ ತೋರಿಸಿದವು. ಅದೇ ಆಗಸ್ಟಿನಲ್ಲಿ ಮೊಣಕಾಲಿನ ಕೃತಕ ಕೀಲಿಗೂ ಮಿತಿ ಬಂತು. ಹಣ ಯಾವ ವಿಭಾಗಗಳಲ್ಲಿ ಅಡಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

“ಹೃದಯದ ಗಳಿಕೆಯಿಂದಲೇ ಉಳಿದ ವಿಭಾಗಗಳನ್ನು ಸಾಕುತ್ತೇವೆ” ಎಂದು ಆಡಳಿತದವರು ವಾದಿಸುತ್ತಾರೆ. ದುಡಿಯುವ ಅಣ್ಣ ಮನೆಯ ಕೂಸನ್ನು ಸಾಕುವುದು ನಮ್ಮಲ್ಲಿಯೂ ಉಂಟು. ಆದರೆ ಅಣ್ಣನ ಮಂಚಕ್ಕೆ ಜಾಗ ಬೇಕೆಂದು ಕೂಸಿನ ತೊಟ್ಟಿಲನ್ನು ಬೀದಿಗಿಟ್ಟರೆ, ಅದನ್ನು ಸಾಕಣೆಯೆನ್ನಲು ಕನ್ನಡ ಕಲಿಸುವ ನನ್ನ ನಾಲಗೆ ಒಪ್ಪದು.

ಸರಕಾರವೂ ಈ ತಕ್ಕಡಿಗೆ ಕೈ ಹಚ್ಚಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯುಂಟು. ಒಳ್ಳೆಯದೇ. ಆದರೆ ಖಾಸಗಿ ಆಸ್ಪತ್ರೆಗಳಿಗೆ ಆ ಹಣ ಹರಿಯುವುದು ಮುಖ್ಯವಾಗಿ ಕಠಿಣ ಕಾಯಿಲೆಗಳ ಹೆಸರಿನಲ್ಲಿ. ಮಾಮೂಲಿ ಜ್ವರ ಸರಕಾರಿ ದವಾಖಾನೆಯ ಪಾಲು. ಲಾಭದ ರೋಗ ಅತ್ತ, ನಷ್ಟದ ರೋಗ ಇತ್ತ!

ಸರಕಾರದ ಹಣ ಪಡೆಯುವ ದೊಡ್ಡ ಆಸ್ಪತ್ರೆ ಯಾವುದೇ ಇರಲಿ, ಒಂದು ಮಕ್ಕಳ ವಾರ್ಡನ್ನೂ ರಾತ್ರಿಪಾಳಿಗೆ ಒಬ್ಬ ಮಕ್ಕಳ ಡಾಕ್ಟರನ್ನೂ ಇಟ್ಟಿರಬೇಕೆಂದು ಕರಾರಿನಲ್ಲಿ ಬರೆಯಿಸಿಕೊಳ್ಳಲಿ. ನಷ್ಟವಾಗುತ್ತದೆ ಎನ್ನುವವರು ವಿಭಾಗವಾರು ಜಮಾಖರ್ಚನ್ನು ಬಾಗಿಲಲ್ಲಿ ತೂಗುಹಾಕಲಿ. ನಾನೂ ಓದುತ್ತೇನೆ, ನನ್ನ ತಂಗಿಯೂ ಓದುತ್ತಾಳೆ.