ಬೋರಿಗೆ ಬಂದಿದೆ ಎಂಬ ಸುಳ್ಳು

ಹಳೆಯ ಜಾವಾ, ಯೆಜ್ಡಿ ಇಟ್ಟುಕೊಂಡವರಿಗೆಲ್ಲ ಪರಿಚಿತವಾದ ಮಾತೊಂದಿದೆ: "ಬೋರಿಗೆ ಬಂದಿದೆ ಸಾರ್." ಹತ್ತು ಕಿಕ್ ಹೊಡೆದರೂ ಗಾಡಿ ಸ್ಟಾರ್ಟ್ ಆಗದಿದ್ದರೆ ಬೋರಿಗೆ ಬಂದಿದೆ. ಹೊಗೆ ಜಾಸ್ತಿಯಾದರೆ ಬೋರಿಗೆ ಬಂದಿದೆ. ಏರು ಹತ್ತುವಾಗ ಸೋತರೆ, ಬಿಸಿಯಾದ ಮೇಲೆ ನಿಂತುಹೋದರೆ, ಎಲ್ಲಕ್ಕೂ ಅದೇ. ಪುಣೆಯ ಗ್ಯಾರೇಜಿನಲ್ಲಿ ಮರಾಠಿಯಲ್ಲಿ ಹೇಳುತ್ತಾರೆ, ಹೈದರಾಬಾದಿನಲ್ಲಿ ದಖ್ಖನಿಯಲ್ಲಿ; ತೀರ್ಪು ಬದಲಾಗುವುದಿಲ್ಲ. ಸಿಲಿಂಡರ್ ಲೇತ್ ಅಂಗಡಿಗೆ ಹೋಗುತ್ತದೆ, ಹೊಸ ಪಿಸ್ಟನ್ ಬರುತ್ತದೆ, ಒಂದು ತಿಂಗಳು ಗಾಡಿ ಚೆನ್ನಾಗಿ ಓಡುತ್ತದೆ, ಆಮೇಲೆ ಮತ್ತೆ ಸೀಜ್. ಆಗಲೂ ಮೊದಲ ತೀರ್ಪನ್ನು ಯಾರೂ ಅನುಮಾನಿಸುವುದಿಲ್ಲ. ಪಿಸ್ಟನ್ ಡೂಪ್ಲಿಕೇಟ್ ಇತ್ತು, ನೀವು ರನ್ನಿಂಗ್-ಇನ್ ಸರಿಯಾಗಿ ಮಾಡಲಿಲ್ಲ ಎಂದು ಹೇಳಿ ಇನ್ನೊಂದು ಬೋರು.

ಭಾಷಾವಿಜ್ಞಾನ ಓದಿದ ನನಗೆ ಈ ವಾಕ್ಯದ ವ್ಯಾಕರಣವೇ ಮೊದಲು ಕಣ್ಣಿಗೆ ಬೀಳುತ್ತದೆ. ಬೆಳೆ ಕಟಾವಿಗೆ ಬಂದಿದೆ, ಮಗಳು ಮದುವೆಗೆ ಬಂದಿದ್ದಾಳೆ, ಇಂಜಿನ್ ಬೋರಿಗೆ ಬಂದಿದೆ. ಮೂರರದ್ದೂ ಒಂದೇ ಅಚ್ಚು. ಕಾಲ ಕೂಡಿಬಂತು, ತಾನಾಗಿಯೇ ಹಣ್ಣಾಯಿತು ಎಂಬ ಧ್ವನಿ. ಯಾರು ಮಾಡಿದರು, ಯಾಕೆ ಆಯಿತು ಎಂದು ಕೇಳಲು ಅಲ್ಲಿ ಜಾಗವೇ ಇಲ್ಲ. ಇಂಜಿನ್ ಜೋಳದ ತೆನೆಯಲ್ಲ. ಅದರ ಸವೆತಕ್ಕೆ ಕಾರಣವಿರುತ್ತದೆ, ಆ ಕಾರಣವನ್ನು ಹುಡುಕಬಹುದು, ಸವೆತವನ್ನು ಮಿಲಿಮೀಟರಿನ ನೂರನೇ ಭಾಗದವರೆಗೆ ಅಳೆಯಬಹುದು. ಅಳೆಯದೆ "ಬೋರಿಗೆ ಬಂದಿದೆ" ಎನ್ನುವುದು ಬರೀ ಊಹೆ. ಆ ಊಹೆಗೆ ನಾವು ಕೊಡುತ್ತಿರುವ ಬೆಲೆ ಹಣವೊಂದೇ ಆಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ.

ಈ ಗಾಡಿಗಳನ್ನು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ತಯಾರಿಸಿತು, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ. 1996ರಲ್ಲಿ ಬಾಗಿಲು ಹಾಕಿತು. ಈಗ ಅದೇ ಹೆಸರು ಹೊತ್ತು ಶೋರೂಮಿಗೆ ಬಂದಿರುವ ಗಾಡಿಗಳು ಫೋರ್-ಸ್ಟ್ರೋಕ್; ಅವುಗಳ ಒಂದು ಭಾಗವೂ ನಿಮ್ಮ ಇಂಜಿನ್ನಿಗೆ ಕೂರುವುದಿಲ್ಲ. ಅಂದರೆ ನಿಮ್ಮ ಬೀಡು ಕಬ್ಬಿಣದ ಸಿಲಿಂಡರಿನಲ್ಲಿ ಉಳಿದಿರುವ ಲೋಹವೇ ನಿಮ್ಮ ಪಾಲಿನ ಆಸ್ತಿ. ಕಾರ್ಖಾನೆಯಿಂದ ಬರುವಾಗ ಅದರ ಒಳವ್ಯಾಸ 65 ಮಿಲಿಮೀಟರ್. ಪ್ರತಿ ಬೋರಿಗೂ ಕಾಲು ಮಿಲಿಮೀಟರೋ ಅರ್ಧವೋ ಹೋಗುತ್ತದೆ, ಹೋದದ್ದು ಮರಳುವುದಿಲ್ಲ. ಕೆಲವು ಸಲ ಕೊರೆಸಿದ ಮೇಲೆ ಹಾಕಲು ಅಷ್ಟು ದೊಡ್ಡ ಪಿಸ್ಟನ್ ಸಿಗುವುದಿಲ್ಲ; ಸ್ಲೀವ್ ಹಾಕಿಸಬೇಕು. ಟೂ-ಸ್ಟ್ರೋಕ್ ಸಿಲಿಂಡರಿನ ಗೋಡೆಯಲ್ಲಿ ಕಿಟಕಿಗಳಿರುತ್ತವೆ, ಇಂಜಿನ್ ಉಸಿರಾಡುವುದೇ ಅವುಗಳ ಮೂಲಕ. ಸ್ಲೀವಿನಲ್ಲಿ ಆ ಕಿಟಕಿಗಳನ್ನು ಒಂದು ಮಿಲಿಮೀಟರ್ ಮೇಲೆ ಕೆಳಗೆ ಕೊರೆದರೂ ಗಾಡಿಯ ಗುಣವೇ ಬದಲಾಗುತ್ತದೆ. ಬೇಡದ ಬೋರು ಮಾಡಿಸುವುದೆಂದರೆ ಮುಂದೆ ನಿಜವಾಗಿ ಬೇಕಾಗುವ ಬೋರನ್ನು ಇವತ್ತೇ ತಿಂದುಹಾಕುವುದು.

ಹಾಗಾದರೆ ಮೊದಲು ಏನು ನೋಡಬೇಕು? ಗಾಳಿ.

ಟೂ-ಸ್ಟ್ರೋಕ್ ಇಂಜಿನ್ನಿನಲ್ಲಿ ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್‌ಕೇಸೂ ಒಂದು ಪಂಪು. ಪಿಸ್ಟನ್ ಮೇಲೇರುವಾಗ ಅದು ಕಾರ್ಬೊರೇಟರಿನಿಂದ ಪೆಟ್ರೋಲು, ಆಯಿಲು, ಗಾಳಿಯ ಮಿಶ್ರಣವನ್ನು ಎಳೆದುಕೊಳ್ಳುತ್ತದೆ. ಇಳಿಯುವಾಗ ಮೇಲಕ್ಕೆ ತಳ್ಳುತ್ತದೆ. ಈ ಪಂಪು ಬಿಗಿಯಾಗಿರಬೇಕಾದರೆ ಕ್ರ್ಯಾಂಕಿನ ಎರಡೂ ತುದಿಯಲ್ಲಿ ರಬ್ಬರಿನ ಆಯಿಲ್ ಸೀಲ್ ಸರಿಯಿರಬೇಕು. ನಲವತ್ತು ಐವತ್ತು ವರ್ಷದ ರಬ್ಬರು ಹೇಗಿರುತ್ತದೆ ಎಂದು ತಿಳಿಯಲು ಹಳೆಯ ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ ಮುಟ್ಟಿ ನೋಡಿದರೆ ಸಾಕು.

ಬಲಗಡೆ, ಡೈನಮೋ ಹಿಂದಿನ ಸೀಲ್ ಹೋದರೆ ಇಂಜಿನ್ ಅಲ್ಲಿಂದ ಕಳ್ಳಗಾಳಿ ಎಳೆಯುತ್ತದೆ. ಮಿಶ್ರಣ ತೆಳುವಾಗುತ್ತದೆ. ಪೆಟ್ರೋಲಿನ ಜೊತೆಗೇ ಆಯಿಲ್ ಬರುವುದರಿಂದ, ಗಾಳಿಯ ಲೆಕ್ಕಕ್ಕೆ ಪೆಟ್ರೋಲು ಕಡಿಮೆಯಾದಾಗ ಆಯಿಲೂ ಕಡಿಮೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಇಳಿಯದೆ ಕೂಗುತ್ತದೆ, ಪ್ಲಗ್ ಬಿಳಚಿಕೊಳ್ಳುತ್ತದೆ, ಹೆದ್ದಾರಿಯಲ್ಲಿ ಹತ್ತು ಕಿಲೋಮೀಟರ್ ಎಳೆದು ಓಡಿಸಿದ ಮೇಲೆ ಪಿಸ್ಟನ್ ಹಿಗ್ಗಿ ಗೋಡೆಗೆ ಕಚ್ಚಿಕೊಳ್ಳುತ್ತದೆ. ಹಿಂದಿನ ಚಕ್ರ ಅಲ್ಲೇ ಲಾಕ್. ಕ್ಲಚ್ ಹಿಡಿಯಲು ಅರ್ಧ ಕ್ಷಣ ತಡವಾದರೆ ಸವಾರ ರಸ್ತೆಯ ಮೇಲೆ. ಎಡಗಡೆ, ಕ್ಲಚ್ ಬದಿಯ ಸೀಲ್ ಹೋದರೆ ಕತೆ ಬೇರೆ: ಇಂಜಿನ್ ಗೇರ್ ಆಯಿಲ್ ಕುಡಿಯಲು ಶುರುಮಾಡುತ್ತದೆ, ಬೀದಿ ತುಂಬ ಬಿಳಿ ಹೊಗೆ, ಪ್ಲಗ್ ಪದೇ ಪದೇ ಒದ್ದೆ, ಗೇರ್ ಆಯಿಲ್ ಎಲ್ಲಿ ಹೋಯಿತೆಂದೇ ಗೊತ್ತಾಗುವುದಿಲ್ಲ. "ನೋಡಿ ಎಷ್ಟು ಹೊಗೆ, ಬೋರಿಗೆ ಬಂದಿದೆ" ಎನ್ನುವುದು ಈ ಗಾಡಿಗೇ. ಎರಡೂ ಕಡೆ ಬೋರು ಮಾಡಿಸಿದರೆ ಸೀಲು ಇದ್ದಂತೆಯೇ ಇರುತ್ತದೆ. ಹೊಸ ಪಿಸ್ಟನ್ ಹಳೆಯ ಕಾಯಿಲೆಗೆ ಬಲಿ.

ಇದನ್ನು ಪರೀಕ್ಷಿಸಲು ಯಾವ ವಿದೇಶಿ ಯಂತ್ರವೂ ಬೇಡ. ಡಾಕ್ಟರ ಬಿಪಿ ಮಿಷನ್ನು, ಗುಂಡು ಡಯಲಿನದು, ಸಾಕು. ಕಾರ್ಬೊರೇಟರ್ ಬಿಚ್ಚಿ ಆ ಬಾಯಿಗೆ ಸೈಕಲ್ ಟ್ಯೂಬಿನ ರಬ್ಬರಿಟ್ಟು ತಗಡಿನ ಪಟ್ಟಿ ಬಿಗಿಯಿರಿ. ಜಾವಾದ್ದು ಒಂದೇ ಸಿಲಿಂಡರ್ ಆದರೂ ಎಕ್ಸಾಸ್ಟ್ ಎರಡು. ಎರಡನ್ನೂ ಹಾಗೆಯೇ ಮುಚ್ಚಬೇಕು. ಹಳೆಯ ಪ್ಲಗ್ ಒಂದರ ಪಿಂಗಾಣಿ ಒಡೆದು ತೆಗೆದು ಆ ತೂತಿಗೆ ಕೊಳವೆ ಕೂರಿಸಿ ಬುರುಡೆ ಒತ್ತಿ. ಪಿಸ್ಟನ್ ತಳದಲ್ಲಿರಲಿ. ಡಯಲಿನ ಕೊನೆಯ ಗುರುತು 300. ಅದು ಸುಮಾರು 0.4 ಬಾರ್ ಒತ್ತಡ, ಈ ಕೆಲಸಕ್ಕೆ ಬೇಕಾದದ್ದೂ ಹೆಚ್ಚುಕಮ್ಮಿ ಅಷ್ಟೇ. ಸೀಲು, ಗ್ಯಾಸ್ಕೆಟ್ ಚೆನ್ನಾಗಿದ್ದರೆ ಮುಳ್ಳು ನಿಮಿಷಗಟ್ಟಲೆ ನಿಲ್ಲುತ್ತದೆ. ನೋಡನೋಡುತ್ತ ಇಳಿದರೆ ಸೋಪಿನ ನೀರು ಹಚ್ಚುತ್ತ ಹೋಗಿ, ಗುಳ್ಳೆ ಬಂದಲ್ಲಿ ಕಾಯಿಲೆ. ಗೇರ್ ಆಯಿಲ್ ಹಾಕುವ ಬಾಯಿಗೆ ಕಿವಿಯಿಟ್ಟು ಸುಯ್ಯೆಂಬ ಸದ್ದು ಕೇಳಿದರೆ ಕ್ಲಚ್ ಬದಿಯ ಸೀಲು. ಕೆನಡಾದ ಹಿಮದ ಮೇಲೆ ಓಡುವ ಹಳೆಯ ಸ್ಕಿ-ಡೂ ಬಂಡಿಗಳದ್ದೂ ಟೂ-ಸ್ಟ್ರೋಕ್ ಇಂಜಿನ್ನೇ, ಅವೂ ವರ್ಷದಲ್ಲಿ ಬಹುಕಾಲ ಶೆಡ್ಡಿನಲ್ಲಿ ನಿಂತೇ ಇರುತ್ತವೆ. ಅಲ್ಲಿನ ಹವ್ಯಾಸಿಗಳು ಹಳೆಯ ಇಂಜಿನ್ ಕೈಗೆ ಬಂದರೆ ಹೀಗೆ ಗಾಳಿ ತುಂಬಿಯೇ ನೋಡುತ್ತಾರೆ. ನಮ್ಮ ಗಾಡಿಗಳಾದರೂ ಏನು, ಭಾನುವಾರದ ರೈಡಿಗೆ ಕಾಯುತ್ತ ನಿಂತವೇ.

ಇನ್ನುಳಿದ ಕಾರಣಗಳನ್ನು ಬೇಗ ಹೇಳಿಬಿಡಬಹುದು. ತಣ್ಣಗಿದ್ದಾಗ ಓಡಿ ಬಿಸಿಯಾದ ಮೇಲೆ ನಿಲ್ಲುವ ಗಾಡಿಯಲ್ಲಿ ಮೊದಲು ಕಂಡೆನ್ಸರ್ ಬದಲಿಸಿ ನೋಡಿ. ಏರು ಹತ್ತದಿದ್ದರೆ ಸೈಲೆನ್ಸರಿನ ಒಳಕೊಳವೆ ಎಳೆದು ನೋಡಿ, ಕರಿ ಕಟ್ಟಿ ಉಸಿರುಗಟ್ಟಿರಬಹುದು. ಕಂಪ್ರೆಶನ್ ಕಡಿಮೆಯಿದ್ದರೂ ಅದು ಕರಿಗೆ ಅಂಟಿ ಕೂತ ರಿಂಗ್ ಇರಬಹುದು. ಬಿಡಿಸಿ ತೊಳೆದರೆ ಮುಗಿಯಿತು. ಸೀಜ್ ಆದ ಸಿಲಿಂಡರಿನಲ್ಲಿ ಕಾಣುವ ಗೀರು ಎಷ್ಟೋ ಸಲ ಪಿಸ್ಟನ್ನಿನಿಂದ ಮೆತ್ತಿಕೊಂಡ ಅಲ್ಯೂಮಿನಿಯಂ. ಕಾಸ್ಟಿಕ್ ಸೋಡಾದಲ್ಲಿ ಎಚ್ಚರಿಕೆಯಿಂದ ಕರಗಿಸಿದರೆ ಕೆಳಗೆ ಬೀಡು ಕಬ್ಬಿಣ ಹಾಗೇ ಇರುತ್ತದೆ. ಕಾರ್ಬೊರೇಟರಿನ ಸ್ಕ್ರೂ ತಿರುಗಿಸುವುದು ಕೊನೆಗೆ. ಗಾಳಿ ಎಳೆಯುತ್ತಿರುವ ಇಂಜಿನ್ನನ್ನು ಟ್ಯೂನ್ ಮಾಡುವುದೆಂದರೆ ಜ್ವರಕ್ಕೆ ಪೌಡರ್ ಬಳಿದಂತೆ.

ಮೆಕ್ಯಾನಿಕ್‌ಗಳನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಈ ಗಾಡಿಗಳನ್ನು ಬದುಕಿಸಿದವರೇ ಅವರು. ಆದರೆ ಅವರು ಯಾಕೆ ಅಳೆಯುವುದಿಲ್ಲ ಎಂದು ಕೇಳಿಕೊಂಡಿದ್ದೇವೆಯೇ? ಅಳತೆಗೆ, ಹುಡುಕಾಟಕ್ಕೆ ನಾವು ಕಾಸು ಕೊಡುವುದಿಲ್ಲ. ಒಬ್ಬ ಮೆಕ್ಯಾನಿಕ್ ಅರ್ಧ ದಿನ ಕೂತು, ಗಾಳಿ ತುಂಬಿ, ಸೋಪು ಹಚ್ಚಿ, ಸಣ್ಣದೊಂದು ಸೀಲು ಬದಲಿಸಿ ಗಾಡಿ ಸರಿಮಾಡಿದ ಎನ್ನಿ. ಆ ಅರ್ಧ ದಿನದ ಕೂಲಿ ಕೇಳಿದರೆ "ಒಂದು ರಬ್ಬರಿಗೆ ಇಷ್ಟಾ?" ಎನ್ನುತ್ತೇವೆ. ಅದೇ ಪಿಸ್ಟನ್ ಕಿಟ್ಟು, ಲೇತಿನ ಬಿಲ್ಲು ಮುಂದಿಟ್ಟರೆ ಮರುಮಾತಿಲ್ಲದೆ ಫೋನ್‌ಪೇ. ಡಾಕ್ಟರು ಮುಟ್ಟಿ ನೋಡಿ ಏನೂ ಆಗಿಲ್ಲ ಎಂದರೂ ಫೀಸು ಕೊಟ್ಟು ಸಮಾಧಾನದಿಂದ ಬರುವ ನಾವೇ ಇವರು. ನನ್ನ ಕಸುಬಿನಲ್ಲೂ ಪದಕ್ಕಿಷ್ಟು ಎಂದು ಕೊಡುತ್ತಾರೆ, ಆ ಪದ ಹುಡುಕಿದ ಸಂಜೆಗೆ ಲೆಕ್ಕವಿಲ್ಲ; ಹಾಗಾಗಿ ಗ್ಯಾರೇಜಿನವರ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಭಾಗ ಮಾರಿದರೆ ಮಾತ್ರ ಅನ್ನ ಎಂದು ನಾವೇ ಗೊತ್ತುಮಾಡಿದ ಮೇಲೆ ಅವರು ಭಾಗ ಮಾರದೆ ಇನ್ನೇನು ಮಾಡುತ್ತಾರೆ?

"ಹೇಗೂ ಬಿಚ್ಚಿದ್ದೇವೆ, ಹೊಸದೇ ಹಾಕಿಬಿಡೋಣ" ಎನ್ನುವವರ ಬಗ್ಗೆ ನನಗೆ ಅಷ್ಟು ಕರುಣೆಯಿಲ್ಲ. ಜುಲೈ ತಿಂಗಳ ಎರಡನೇ ಭಾನುವಾರದ ಜಾವಾ-ಯೆಜ್ಡಿ ದಿನಕ್ಕೆಂದು ಟ್ಯಾಂಕಿಗೆ ಹೊಸ ಕ್ರೋಮು, ಮೈಗೆ ಹೊಸ ಬಣ್ಣ, ಒಳಗೆ ಹೊಸ ಪಿಸ್ಟನ್ನು. ಸೀಲು ಮಾತ್ರ ಅಜ್ಜನ ಕಾಲದ್ದು. ಕಾಣುವುದಕ್ಕೆ ಲಕ್ಷ, ಕಾಣದ್ದಕ್ಕೆ ಸೊನ್ನೆ.

ಬೋರು ಬೇಡವೇ ಬೇಡ ಎಂದೂ ನಾನು ಹೇಳುವುದಿಲ್ಲ. ಬೋರ್ ಗೇಜ್ ಇಳಿಸಿ, ಮೇಲೆ ನಡುವೆ ಕೆಳಗೆ, ಉದ್ದಕ್ಕೂ ಅಡ್ಡಕ್ಕೂ ಅಳೆದು ಬರೆದ ಆರು ಸಂಖ್ಯೆ ಮುಂದಿಟ್ಟುಕೊಂಡು ಸವೆತ ಮಿತಿ ದಾಟಿದೆ ಎಂದರೆ ಮಾಡಿಸಲೇಬೇಕು. ಆ ಆರು ಸಂಖ್ಯೆಯ ಚೀಟಿಯನ್ನು, ಹಳೆಯ ಪಿಸ್ಟನ್ನನ್ನೂ, ಕೇಳಿ ತೆಗೆದುಕೊಳ್ಳಿ. ಅಳೆದ ಶ್ರಮಕ್ಕೆ ಬೇರೆ ಕೂಲಿ ಕೊಡಿ. ಎಕ್ಸಾಸ್ಟ್ ಬದಿಗೆ ಮಾತ್ರ ಉಜ್ಜಿದ ಪಿಸ್ಟನ್ನು ತೆಳು ಮಿಶ್ರಣದ ಕಡೆಗೆ ಬೆರಳು ತೋರಿಸುತ್ತದೆ, ನಾಲ್ಕು ಮೂಲೆಗೂ ಗೀರಿದ್ದರೆ ತಣ್ಣಗಿರುವಾಗಲೇ ಎಳೆದು ಓಡಿಸಿರಬಹುದು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಅದರಲ್ಲೇ ಆಮ್ಲಜನಕ ಇರುವುದರಿಂದ ಹಳೆಯ ಜೆಟ್ಟಿನಲ್ಲಿ ಮಿಶ್ರಣ ಇನ್ನೂ ತೆಳುವಾಗುತ್ತದೆ, ಜೊತೆಗೆ ಹಳೆಯ ರಬ್ಬರನ್ನೂ ಅದು ಕೆಡಿಸುತ್ತದೆ. ಹಿಂದೆ ಸೋರುವ ಸೀಲಿನಲ್ಲೂ ಹೇಗೋ ದಾಟುತ್ತಿದ್ದ ಇಂಜಿನ್ನುಗಳಿಗೆ ಈಗ ಆ ಅವಕಾಶವೂ ಕಡಿಮೆಯಾಗಿದೆ.