ಅದೂ ಗಿಡವೇ, ಇದೂ ಗಿಡವೇ

ತಾಳವಾಡಿಯ ಹೊಲಗಳಲ್ಲಿ ಅರಿಸಿನವುಂಟು, ಅಂಗಳಗಳಲ್ಲಿ ನಿತ್ಯಕಲ್ಯಾಣಿಯುಂಟು. ಇವೆರಡನ್ನೂ ಅರೆದು, ಈಗಿಲ್ಲದ ನನ್ನ ಅಕ್ಕ, ಎದೆಯ ಗಂಟೊಂದಕ್ಕೆ ಎಂಟು ತಿಂಗಳ ಕಾಲ ಲೇಪಿಸಿಕೊಂಡಳು. ಗಂಟು ನೋಯುತ್ತಿರಲಿಲ್ಲ, ನೋಯದುದು ರೋಗವಲ್ಲವೆಂದು ಆಕೆಯ ನಂಬಿಕೆ. ಗಂಡಸರ ಕಿವಿಗೆ ಹಾಕುವ ಮಾತೂ ಅದಾಗಿರಲಿಲ್ಲ. ನನಗೆ ತಿಳಿಯುವ ವೇಳೆಗೆ ಕಂಕುಳಲ್ಲಿಯೂ ಗಂಟುಗಳೆದ್ದಿದ್ದವು. ಮೈಸೂರಿಗೆ ಕರೆದೊಯ್ದೆವು. ಅಲ್ಲಿ ರಕ್ತನಾಳದ ಮೂಲಕ ಕೊಡುತ್ತಿದ್ದ ಮದ್ದಿನ ಮೂಲ ಒಂದು ಮರದ ತೊಗಟೆಯೆಂದು ದಾದಿಯೊಬ್ಬರು ಹೇಳಿದರು. ಅಕ್ಕ ನನ್ನತ್ತ ತಿರುಗಿ, "ಅಂಗಾದ್ರ ನಾ ಅರದು ಹಚ್ಕಂಡುದ್ರಲ್ಲಿ ಏನಪ್ಪಾ ತಪ್ಪು? ಅದೂವಿ ಗಿಡನೇ, ಇದೂವಿ ಗಿಡನೇ" ಎಂದಳು. ಮೂವತ್ತು ವರ್ಷ ಪಾಠ ಹೇಳಿದವನಿಗೆ ಆ ಕ್ಷಣ ಉತ್ತರ ತೋಚಲಿಲ್ಲ. ವಾಚಕರ ಮನೆಗಳಲ್ಲಿಯೂ ಈ ಪ್ರಶ್ನೆ ಏಳಬಹುದಾದ್ದರಿಂದ ಈ ತಿಂಗಳು ಅದನ್ನೇ ಎತ್ತಿಕೊಂಡಿದ್ದೇನೆ.

ಆ ಮರ ಅಮೆರಿಕದ ಪಶ್ಚಿಮ ಕರಾವಳಿಯ ಯೂ ಮರ. ಕ್ಯಾನ್ಸರಿಗೆ ಮದ್ದು ದೊರೆತೀತೇ ಎಂದು ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯು ಸಾವಿರಾರು ಗಿಡಮರಗಳನ್ನು ಶೋಧಿಸುತ್ತಿದ್ದಾಗ, 1962ರಲ್ಲಿ ಆರ್ಥರ್ ಬಾರ್ಕ್ಲೆ ಎಂಬ ಸಸ್ಯವಿಜ್ಞಾನಿ ಅದರ ತೊಗಟೆಯನ್ನು ಸಂಗ್ರಹಿಸಿದರು. ತೊಗಟೆಯೊಳಗಿನ ಒಂದೇ ಒಂದು ವಸ್ತುವನ್ನು ಬೇರ್ಪಡಿಸಿ, ಅದರ ರಚನೆಯನ್ನು 1971ರಲ್ಲಿ ಪ್ರಕಟಿಸಿದವರು ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದುರಬಾರಿನಲ್ಲಿ ಹುಟ್ಟಿದ ಮನ್ಸುಖ್ ವಾನಿ. ಅದು ಮಾಡುವ ಕೆಲಸವನ್ನು 1979ರಲ್ಲಿ ಸೂಸನ್ ಹಾರ್ವಿಟ್ಜ್ ತೋರಿಸಿಕೊಟ್ಟರು. ಒಂದು ಜೀವಕೋಶ ಎರಡಾಗುವಾಗ ಒಳಗೆ ಸೂಕ್ಷ್ಮವಾದ ಎಳೆಗಳು ಕಟ್ಟಿಕೊಂಡು, ಮತ್ತೆ ಬಿಚ್ಚಿಕೊಳ್ಳಬೇಕು. ಈ ಮದ್ದು ಬಿಚ್ಚಗೊಡದು. ಕೋಶ ಇಬ್ಭಾಗವಾಗಲಾರದೆ ಸಾಯುತ್ತದೆ. ನೀರಿನಲ್ಲಿ ಕರಗದ ಈ ವಸ್ತುವನ್ನು ರಕ್ತಕ್ಕೆ ಸೇರಿಸಲು ಹರಳೆಣ್ಣೆಯಿಂದ ತಯಾರಿಸಿದ ದ್ರಾವಕ ಬೇಕಾಯಿತು. (ನಮ್ಮ ಹರಳು ಎಲ್ಲಿಯೂ ಸಲ್ಲುತ್ತದೆ!) ಸ್ತನ ಕ್ಯಾನ್ಸರಿಗೆ ಬಳಸಲು ಅಮೆರಿಕ ಸರಕಾರ ಅನುಮತಿಯಿತ್ತದ್ದು 1994ರಲ್ಲಿ. ತೊಗಟೆ ಸುಲಿದು ಮೂವತ್ತೆರಡು ವರ್ಷ ಕಳೆದಿತ್ತು.

ಇಷ್ಟು ಕಾಲವೇಕೆ? 'ಇಂಥ ಸೊಪ್ಪು ಸ್ತನ ಕ್ಯಾನ್ಸರನ್ನು ಕೊಲ್ಲುತ್ತದೆ' ಎಂಬ ಸುದ್ದಿ ಓದಿದಾಗ, ಎಲ್ಲಿ ಕೊಂದಿತು ಎಂದು ಕೇಳಬೇಕು. ಬಹುಮಟ್ಟಿಗೆ ಗಾಜಿನ ತಟ್ಟೆಯಲ್ಲಿ. ಅಂಥ ತಟ್ಟೆಗಳಲ್ಲಿ ಬೆಳೆಸುವ ಕೋಶಗಳಲ್ಲಿ ಪ್ರಸಿದ್ಧವಾದುದು ಎಂ.ಸಿ.ಎಫ್.-7. ಅಮೆರಿಕದ ಕ್ರೈಸ್ತ ಸಂನ್ಯಾಸಿನಿಯೊಬ್ಬರ ದೇಹದಿಂದ 1970ರಲ್ಲಿ ತೆಗೆದ ಕೋಶಗಳ ಸಂತತಿ ಅದು. ಡೆಟ್ರಾಯಿಟಿನ ಮಿಷಿಗನ್ ಕ್ಯಾನ್ಸರ್ ಪ್ರತಿಷ್ಠಾನದಲ್ಲಿ ಬೆಳೆಸಿದ್ದರಿಂದ ಆ ಹೆಸರು. ಆ ತಾಯಿ ಅದೇ ವರ್ಷ ತೀರಿಕೊಂಡರು. ಅವರ ರೋಗದ ಕೋಶಗಳು ಇಂದಿಗೂ ದೇಶದೇಶಗಳ ಪ್ರಯೋಗಶಾಲೆಗಳಲ್ಲಿ ಬೆಳೆಯುತ್ತಿವೆ. ತಟ್ಟೆಯ ಪರೀಕ್ಷೆ ಬೇಡವೆನ್ನುವಂತಿಲ್ಲ. ಆದರೆ ಉಪ್ಪು ಹೆಚ್ಚಾದರೂ ಆ ಕೋಶಗಳು ಸಾಯುತ್ತವೆ. ತಟ್ಟೆಗೆ ಜಠರವಿಲ್ಲ, ಯಕೃತ್ತಿಲ್ಲ.

ಅರಿಸಿನ ಎಡವುವುದು ಅಲ್ಲಿಯೇ. ಅದರ ಕುರ್ಕುಮಿನ್ ತಟ್ಟೆಯಲ್ಲಿ ರೋಗದ ಕೋಶಗಳನ್ನು ಕೊಲ್ಲುವುದು ನಿಜ. ದಿನಕ್ಕೆ 8 ಗ್ರಾಂ ನುಂಗಿಸಿದರೂ ರಕ್ತದಲ್ಲಿ ಕಾಣಸಿಕ್ಕುವುದು ಅತ್ಯಲ್ಪ. ಒಣ ಅರಿಸಿನದಲ್ಲಿ ಕುರ್ಕುಮಿನ್ ನೂರಕ್ಕೆ ಸುಮಾರು ಮೂರು ಪಾಲು; ಹಾಗಾದರೆ 8 ಗ್ರಾಮಿಗೆ ಎಷ್ಟು ಪುಡಿ ಬೇಕೆಂದು ಏಳನೆಯ ತರಗತಿಯ ಮಕ್ಕಳಿಂದ ಲೆಕ್ಕ ಮಾಡಿಸಿದೆ: ಕಾಲು ಕಿಲೋಗ್ರಾಮಿಗೂ ಮಿಗಿಲು! ಆರ್ಮೇನಿಯಾ ದೇಶದಲ್ಲಿ 150 ಮಂದಿ ರೋಗಿಣಿಯರಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಯೂ ಮರದ ಮದ್ದಿನೊಡನೆ ಕುರ್ಕುಮಿನನ್ನೂ ನೇರವಾಗಿ ರಕ್ತನಾಳಕ್ಕೇ ಕೊಟ್ಟರು. ಗಡ್ಡೆ ಕುಗ್ಗಿದವರ ಸಂಖ್ಯೆ ಹೆಚ್ಚಿತು. ಆಸೆ ಹುಟ್ಟಿಸುವ ಸಂಗತಿಯೇ. ಆದರೆ ಅದು ಲೇಪದ ಮಾತಲ್ಲ.

ನಮ್ಮ ಸಹ್ಯಾದ್ರಿಯಲ್ಲಿ ದುರ್ವಾಸನೆ ಮರವೆಂಬುದೊಂದಿದೆ. ಅದರಲ್ಲಿರುವ ಕ್ಯಾಂಪ್ಟೋಥೆಸಿನ್ ಎಂಬ ವಸ್ತುವನ್ನು ವಾಲ್ ಮತ್ತು ವಾನಿಯವರ ತಂಡ 1966ರಲ್ಲಿಯೇ ಚೀನಾದ ಮರವೊಂದರಿಂದ ಬೇರ್ಪಡಿಸಿತ್ತು. ಅದರಿಂದ ರೂಪಿಸಿದ ಮದ್ದನ್ನು, ರೋಗದ ಕೋಶವನ್ನು ಹುಡುಕಿ ಅಂಟಿಕೊಳ್ಳುವ ಪ್ರತಿಕಾಯಕ್ಕೆ ಕಟ್ಟಿ, ಹಾರ್ಮೋನು ಚಿಕಿತ್ಸೆಗೆ ಜಗ್ಗದ ಕಠಿಣ ಬಗೆಯ ಸ್ತನ ಕ್ಯಾನ್ಸರಿನಲ್ಲಿ ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಫಲ ಇದು: 468 ಮಂದಿ ರೋಗಿಗಳಲ್ಲಿ, ಹಳೆಯ ಮದ್ದು ಪಡೆದವರ ಬದುಕಿನ ಮಧ್ಯಾಂಕ 6.7 ತಿಂಗಳು, ಹೊಸದು ಪಡೆದವರದು 12.1. ಐದು ತಿಂಗಳ ಈ ವ್ಯತ್ಯಾಸವನ್ನು ಖಚಿತವಾಗಿ ಹೇಳಲು ಅಷ್ಟು ಜನ ಬೇಕಾಯಿತು. ನಮ್ಮಲ್ಲಿ ಒಬ್ಬರಿಗೆ ಗುಣವಾಯಿತೆಂದರೆ ಊರೇ ನಂಬುತ್ತದೆ.

ಇನ್ನು ನಿತ್ಯಕಲ್ಯಾಣಿ. ಜಮೈಕಾದಲ್ಲಿ ಅದರ ಎಲೆ ಸಕ್ಕರೆ ಕಾಯಿಲೆಗೆ ಮದ್ದೆಂದು ಕೇಳಿ, ಕೆನಡಾದಲ್ಲಿ ರಾಬರ್ಟ್ ನೋಬಲ್ ಎಂಬವರು ಇಲಿಗಳ ಮೇಲೆ ಪ್ರಯೋಗಿಸಿದರು. ಸಕ್ಕರೆ ಇಳಿಯಲಿಲ್ಲ, ರಕ್ತದ ಬಿಳಿಯ ಕಣಗಳು ಕುಸಿದವು. ಆ ಸುಳಿವು ಹಿಡಿದು 1958ರಲ್ಲಿ ಅವರೂ ಚಾರ್ಲ್ಸ್ ಬಿಯರ್ ಅವರೂ ಬೇರ್ಪಡಿಸಿದ್ದು ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಮದ್ದು. ಅದೇ ಕುಲದ ವಿನೋರೆಲ್ಬಿನ್ ಸ್ತನ ಕ್ಯಾನ್ಸರಿಗೂ ಬಳಕೆಯಲ್ಲಿದೆ. ಗಿಡ ಮಾತ್ರ ವಿಷ.

ಇದನ್ನು ನಾನು ಓದಿದ್ದು ತಡವಾಗಿ. ಮೈಸೂರಿನ ಚಿಕಿತ್ಸೆ ಆರಂಭವಾದ ಮೇಲೆಯೂ ಅಕ್ಕ ಮನೆಯಲ್ಲಿ ಆ ಎಲೆಯ ಕಷಾಯ ಕುಡಿಯುತ್ತಿದ್ದಳು. ಬಿಳಿಯ ಕಣಗಳು ತೀರ ಇಳಿದವೆಂದು ಎರಡು ಬಾರಿ ಮದ್ದನ್ನು ಮುಂದೂಡಿ ನಮ್ಮನ್ನು ಹಿಂದಕ್ಕೆ ಕಳುಹಿಸಿದರು. ಕಷಾಯದಿಂದಲೇ ಹಾಗಾಯಿತೆಂದು ಹೇಳಲಾರೆ. ಆಸ್ಪತ್ರೆಯ ಮದ್ದೂ ಆ ಕಣಗಳನ್ನು ಇಳಿಸುತ್ತದೆ. ಬೇರೇನಾದರೂ ಸೇವಿಸುತ್ತಿದ್ದೀರಾ ಎಂದು ವೈದ್ಯರು ಕೇಳಿದರು. ಅಕ್ಕ ಇಲ್ಲವೆಂದಳು. ಪಕ್ಕದಲ್ಲಿ ಕುಳಿತಿದ್ದ ನಾನೂ ಸುಮ್ಮನಿದ್ದೆ.