ಪ್ರಾರ್ಥನಾ ಕೂಟಕ್ಕೆ ಕರೆ ಬಂದಿದೆಯೇ? ಹೋಗುವ ಮೊದಲು ಕೇಳಬೇಕಾದ ಐದು ಪ್ರಶ್ನೆಗಳು

"ಡಾಕ್ಟರು ಕೈಬಿಟ್ಟಿದ್ದ ರೋಗಿ ಒಂದೇ ಪ್ರಾರ್ಥನೆಗೆ ಎದ್ದು ನಡೆದರು" ಎಂಬ ವಿಡಿಯೊ ನಿಮ್ಮ ವಾಟ್ಸ್‌ಆ್ಯಪ್‌ಗೆ ಬಂದಿರಬಹುದು. "ಅಲ್ಲಿಗೆ ಹೋದವರ ತಲೆ ಕೆಡಿಸುತ್ತಾರೆ, ಎಲ್ಲರಿಗೂ ತಿಳಿಸಿ" ಎಂಬ ಸಂದೇಶವೂ ಬಂದಿರಬಹುದು. ಮೊದಲನೆಯದು ಆಸೆ ಹುಟ್ಟಿಸುತ್ತದೆ, ಎರಡನೆಯದು ಹೆದರಿಸುತ್ತದೆ.

ನಿಜವಾಗಿ ನಿರ್ಧಾರ ಮಾಡಬೇಕಾದವರಿಗೆ ಎರಡರಿಂದಲೂ ಉಪಯೋಗವಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಯಾವುದೋ ಹಳ್ಳಿಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗುವಿಗೆ ಮೂರ್ಛೆರೋಗವಿದೆ, ಇಲ್ಲವೇ ಗಂಡನ ಕುಡಿತ ನಿಲ್ಲುತ್ತಿಲ್ಲ. ದೊಡ್ಡ ಆಸ್ಪತ್ರೆ ಎಂದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಬೇಕು. ಆಗ ಪಕ್ಕದ ಮನೆಯವರು "ಒಂದು ಭಾನುವಾರ ಬಂದು ನೋಡಿ" ಎನ್ನುತ್ತಾರೆ. ಹೋಗಬೇಕೇ, ಬೇಡವೇ?

ಯಾವ ದೇವರನ್ನು ನಂಬಬೇಕು ಎಂದು ಹೇಳುವುದು ಈ ಲೇಖನದ ಕೆಲಸವಲ್ಲ. ಒಂದು ಕೂಟ ನಿಮಗೆ ಸರಿಹೊಂದುತ್ತದೆಯೇ ಎಂದು ತಿಳಿಯಲು ಏನನ್ನು ನೋಡಬೇಕು, ಏನನ್ನು ಪುರಾವೆ ಎಂದುಕೊಳ್ಳಬಾರದು ಎಂಬುದನ್ನಷ್ಟೇ ಇಲ್ಲಿ ನೋಡೋಣ.

ಎಲ್ಲ ಚರ್ಚುಗಳೂ ಒಂದೇ ಅಲ್ಲ

ಉತ್ತರ ಕನ್ನಡಕ್ಕೆ ಕ್ರೈಸ್ತ ಧರ್ಮ ಹೊಸದಲ್ಲ. ಕಾರವಾರದ ಕೆಥೋಲಿಕ್ ಧರ್ಮಪ್ರಾಂತ್ಯ ರಚನೆಯಾದದ್ದು 1976ರಲ್ಲಾದರೂ ಇಲ್ಲಿನ ಕೆಥೋಲಿಕ್ ಕುಟುಂಬಗಳು ಅದಕ್ಕಿಂತ ಬಹಳ ಹಳೆಯವು. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿಗಳಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ.

ಜೋರಾದ ಹಾಡು, ಕೈ ಎತ್ತಿ ಮಾಡುವ ಪ್ರಾರ್ಥನೆ, ಅರ್ಥವಾಗದ 'ಅನ್ಯಭಾಷೆ'ಯಲ್ಲಿ ಮಾತು, ರೋಗ ಗುಣಪಡಿಸುವ ಭರವಸೆ ಇರುವ ಕೂಟಗಳನ್ನು ಪೆಂಟಕೋಸ್ಟಲ್ ಅಥವಾ ಕರಿಸ್ಮ್ಯಾಟಿಕ್ ಎನ್ನುತ್ತಾರೆ. ಈ ಅಲೆಯ ಮೂಲವನ್ನು ಸಾಮಾನ್ಯವಾಗಿ 1906ರ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯ ಸಭೆಗಳಲ್ಲಿ ಗುರುತಿಸುತ್ತಾರೆ. ಆದರೆ ಅದಕ್ಕೂ ಒಂದು ವರ್ಷ ಮೊದಲೇ, 1905ರಲ್ಲಿ, ಪುಣೆ ಬಳಿಯ ಕೇಡಗಾಂವ್‌ನ ಮುಕ್ತಿ ಮಿಷನ್ನಿನಲ್ಲಿ ಇಂಥದೇ ಆವೇಶದ ಪ್ರಾರ್ಥನೆಗಳು ನಡೆದಿದ್ದವು. ಅದನ್ನು ಕಟ್ಟಿದ ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮದೇ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಹಾಗಾಗಿ ಇದೆಲ್ಲ ಮೊನ್ನೆ ಮೊನ್ನೆ ಹೊರದೇಶದಿಂದ ಬಂದದ್ದು ಎಂಬ ಫಾರ್ವರ್ಡ್ ಪೂರ್ತಿ ನಿಜವಲ್ಲ.

ಇಂದು ಇಂಥ ಕೂಟಗಳಲ್ಲಿ ಕೆಲವು ದೊಡ್ಡ ಸಂಸ್ಥೆಗಳಿಗೆ ಸೇರಿವೆ, ಅಲ್ಲಿ ಪಾಸ್ಟರನ್ನು ಪ್ರಶ್ನಿಸುವ ಸಮಿತಿ ಇರುತ್ತದೆ. ಇನ್ನು ಕೆಲವು ಒಬ್ಬ ವ್ಯಕ್ತಿ ಬಾಡಿಗೆ ಹಾಲ್‌ನಲ್ಲಿ ಸ್ವಂತವಾಗಿ ನಡೆಸುವಂಥವು. ಚಿಕ್ಕದೆಂದ ಮಾತ್ರಕ್ಕೆ ಕೆಟ್ಟದಲ್ಲ, ದೊಡ್ಡದೆಂದ ಮಾತ್ರಕ್ಕೆ ಒಳ್ಳೆಯದೂ ಅಲ್ಲ. ಅವರನ್ನು ಕೇಳುವವರು ಯಾರಾದರೂ ಇದ್ದಾರೆಯೇ ಎಂಬುದು ಮುಖ್ಯ.

ಅಲ್ಲಿ ಬರುವ ಕಣ್ಣೀರು ನಾಟಕವೇ?

ಬಹುತೇಕ ಸಲ ಅಲ್ಲ. ನೂರು ಜನ ಒಂದೇ ತಾಳಕ್ಕೆ ಹಾಡುವಾಗ ಮೈ ಜುಮ್ಮೆನ್ನುವುದು, ಅಳು ಬರುವುದು, ಮನಸ್ಸು ಹಗುರಾಗುವುದು ಸಹಜ. ಏಕಾಹ ಭಜನೆಯಲ್ಲೂ ಜಾತ್ರೆಯ ವಾದ್ಯದ ನಡುವೆಯೂ ಇದು ಆಗುತ್ತದೆ.

ಅನ್ಯಭಾಷೆಯ ಬಗ್ಗೆ ಅಧ್ಯಯನಗಳೂ ಆಗಿವೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಂಡ್ರ್ಯೂ ನ್ಯೂಬರ್ಗ್ ತಂಡ 2006ರಲ್ಲಿ ಐವರು ಮಹಿಳೆಯರು ಹೀಗೆ ಮಾತಾಡುವಾಗ ಅವರ ಮೆದುಳನ್ನು ಸ್ಕ್ಯಾನ್ ಮಾಡಿತು. ನಮ್ಮ ಹಿಡಿತಕ್ಕೆ ಸಂಬಂಧಿಸಿದ ಮೆದುಳಿನ ಮುಂಭಾಗದ ಚಟುವಟಿಕೆ ಆಗ ಕಡಿಮೆಯಾಗಿತ್ತು. "ಮಾತಾಡಿದ್ದು ನಾನಲ್ಲ" ಎಂದು ಅವರಿಗೆ ಅನಿಸುವುದಕ್ಕೆ ಇದು ಹೊಂದುತ್ತದೆ. ಐದೇ ಜನರ ಅಧ್ಯಯನವಾದ್ದರಿಂದ ಇದಕ್ಕಿಂತ ಹೆಚ್ಚು ಹೇಳಲಾಗದು. ಭಾಷಾಶಾಸ್ತ್ರಜ್ಞ ವಿಲಿಯಂ ಸಮರಿನ್ 1972ರಲ್ಲಿ ತೋರಿಸಿದಂತೆ, ಈ ಮಾತಿಗೆ ಭಾಷೆಯೊಂದರ ರಚನೆ ಇರುವುದಿಲ್ಲ.

ಅನುಭವ ನಿಜವಾಗಿರಬಹುದು. ಆದರೆ ಆ ಅನುಭವ ಆಯಿತೆಂದು ವೇದಿಕೆಯ ಮೇಲಿನವರು ಹೇಳಿದ್ದೆಲ್ಲ ನಿಜವಾಗುವುದಿಲ್ಲ.

"ಪ್ರಾರ್ಥನೆಯಿಂದ ಜ್ವರ ಬಿಟ್ಟಿತು" ಎಂದರೆ?

ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಕಾಡಿನ ರೋಗವನ್ನೇ ನೋಡಿ. ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. 2024ರಲ್ಲಿ ಸಿದ್ದಾಪುರ ತಾಲ್ಲೂಕು ಅದರಿಂದ ಸಾವುನೋವು ಕಂಡಿತು. ಉಣುಗು ಕಚ್ಚಿ ಬರುವ ಈ ರೋಗದ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಸಕಾಲಕ್ಕೆ ಆಸ್ಪತ್ರೆಯ ಆರೈಕೆ ಸಿಗುವುದೇ ಚಿಕಿತ್ಸೆ. ರೋಗ ಬಂದವರಲ್ಲಿ ಶೇ. 3ರಿಂದ 5ರಷ್ಟು ಜನ ಸಾಯುತ್ತಾರೆ.

ಇದರಲ್ಲೊಂದು ವಿಚಿತ್ರವಿದೆ. ಒಂದೆರಡು ವಾರದಲ್ಲಿ ಹೆಚ್ಚಿನವರ ಜ್ವರ ತಾನಾಗಿ ಇಳಿಯುತ್ತದೆ. ಆದರೆ ಶೇ. 10ರಿಂದ 20ರಷ್ಟು ಜನರಿಗೆ ಮೂರನೇ ವಾರದ ಹೊತ್ತಿಗೆ ಅದು ಮರಳಿ ಬರುತ್ತದೆ. ಆಗ ವಿಪರೀತ ತಲೆನೋವು, ನಡುಕ, ದೃಷ್ಟಿದೋಷ, ಗೊಂದಲದಂಥ ನರಸಂಬಂಧಿ ತೊಂದರೆಗಳೂ ಕಾಣಿಸಬಹುದು.

ಜ್ವರ ಇಳಿಯುವ ಹಿಂದಿನ ದಿನ ಯಾರಾದರೂ ತಲೆಮೇಲೆ ಕೈಯಿಟ್ಟು ಪ್ರಾರ್ಥಿಸಿದ್ದರೆ ಏನಾಗುತ್ತದೆ? ಭಾನುವಾರ ಮೈಕಿನಲ್ಲಿ 'ಸಾಕ್ಷಿ' ಹೇಳಿಸುತ್ತಾರೆ. ಅದರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಪ್ರಾರ್ಥಿಸಿದ್ದೂ ನಿಜ, ಜ್ವರ ಇಳಿದದ್ದೂ ನಿಜ. ಆದರೆ ಒಂದರಿಂದ ಇನ್ನೊಂದಾಯಿತು ಎಂಬುದಕ್ಕೆ ಆಧಾರವಿಲ್ಲ. ತಾಯತ ಕಟ್ಟಿಸಿದ್ದರೂ ಹರಕೆ ಹೊತ್ತಿದ್ದರೂ ಅದೇ ದಿನ ಇಳಿಯುತ್ತಿತ್ತು. ಮೂರನೇ ವಾರ ಜ್ವರ ಮರುಕಳಿಸಿದವರ ಕೈಗೆ ಮೈಕು ಹೋಗುವುದಿಲ್ಲ.

ಕ್ಷಯರೋಗದಲ್ಲೂ ಇದೇ ಅಪಾಯ. ಮಾತ್ರೆ ಶುರುಮಾಡಿದ ಕೆಲವು ವಾರಗಳಲ್ಲೇ ಕೆಮ್ಮು ಕಡಿಮೆಯಾಗಿ ರೋಗಿ "ಗುಣವಾಯಿತು" ಎಂದುಕೊಳ್ಳುತ್ತಾರೆ. ಕನಿಷ್ಠ ಆರು ತಿಂಗಳ ಚಿಕಿತ್ಸೆಯನ್ನು ಅಲ್ಲಿಗೇ ಬಿಟ್ಟರೆ ಔಷಧಿಗೆ ಬಗ್ಗದ ಕ್ಷಯ ತಿರುಗಿ ಬರಬಹುದು.

ನೇರ ಮೋಸವೂ ಇಲ್ಲದಿಲ್ಲ. ಅಮೆರಿಕದ ಪೀಟರ್ ಪೊಪಾಫ್ ಎಂಬ ಪ್ರಚಾರಕರು ಸಭಿಕರ ಹೆಸರು, ರೋಗವನ್ನು 'ದೇವರೇ ತಿಳಿಸಿದಂತೆ' ಹೇಳುತ್ತಿದ್ದರು. ಅದನ್ನೆಲ್ಲ ಅವರ ಹೆಂಡತಿ ರೇಡಿಯೊ ಮೂಲಕ ಅವರ ಕಿವಿಯ ಪುಟ್ಟ ಯಂತ್ರಕ್ಕೆ ಹೇಳುತ್ತಿದ್ದುದನ್ನು ಜೇಮ್ಸ್ ರ್‍ಯಾಂಡಿ 1986ರಲ್ಲಿ ಬಯಲು ಮಾಡಿದರು.

ಪರೀಕ್ಷೆ ಮಾಡಿ ನೋಡಿದವರು ಕಂಡದ್ದು

2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 1,802 ಜನರಿದ್ದರು. ಕೆಲವರಿಗಾಗಿ ಅಪರಿಚಿತರು ಪ್ರಾರ್ಥಿಸಿದರು, ಕೆಲವರಿಗಾಗಿ ಪ್ರಾರ್ಥಿಸಲಿಲ್ಲ, ಯಾರು ಯಾವ ಗುಂಪಿನಲ್ಲಿದ್ದಾರೆಂದು ರೋಗಿಗಳಿಗೆ ಗೊತ್ತಿರಲಿಲ್ಲ. ತೊಡಕು ಕಾಣಿಸಿದ್ದು ಮೊದಲ ಗುಂಪಿನ ಶೇ. 52 ಜನರಿಗೆ, ಎರಡನೆಯ ಗುಂಪಿನ ಶೇ. 51 ಜನರಿಗೆ. "ನಿಮಗಾಗಿ ಖಂಡಿತ ಪ್ರಾರ್ಥಿಸುತ್ತಾರೆ" ಎಂದು ಮೊದಲೇ ತಿಳಿಸಿದ್ದ ಮೂರನೆಯ ಗುಂಪಿನಲ್ಲಿ ಅದು ಶೇ. 59 ಇತ್ತು.

ಹಾಗೆಂದು ಪ್ರಾರ್ಥನಾ ಕೂಟದಿಂದ ಏನೂ ಸಿಗುವುದಿಲ್ಲ ಎಂದಲ್ಲ. ವಾರಕ್ಕೊಮ್ಮೆ ಹೆಸರು ಹಿಡಿದು ವಿಚಾರಿಸುವವರು, ಬಾಣಂತನಕ್ಕೋ ಸಾವಿಗೋ ಓಡಿಬರುವವರು, ಕುಡಿತ ಬಿಟ್ಟವನ ಬೆನ್ನಿಗೆ ನಿಲ್ಲುವವರು ಸಿಕ್ಕರೆ ಬದುಕು ಖಂಡಿತ ಸುಧಾರಿಸುತ್ತದೆ. ಜನ ಹೋಗುವುದಕ್ಕೆ ಪವಾಡಕ್ಕಿಂತ ದೊಡ್ಡ ಕಾರಣ ಎಷ್ಟೋ ಸಲ ಇದೇ ಆಗಿರುತ್ತದೆ.

ಐದು ಪ್ರಶ್ನೆಗಳು

1. ಔಷಧಿಯ ಬಗ್ಗೆ ಏನು ಹೇಳುತ್ತಾರೆ? "ಪ್ರಾರ್ಥಿಸೋಣ, ಮಾತ್ರೆಯನ್ನೂ ತಗೊಳ್ಳಿ" ಎಂದರೆ ಚಿಂತೆಯಿಲ್ಲ. "ಮಾತ್ರೆ ನುಂಗುವುದು ಅಪನಂಬಿಕೆ" ಎಂದರೆ ಅಂದೇ ಎದ್ದು ಬನ್ನಿ. ಮೂರ್ಛೆರೋಗದ ಮಾತ್ರೆಯನ್ನು ದಿಢೀರನೆ ನಿಲ್ಲಿಸಿದರೆ ಬಿಡದೆ ಸೆಳವು ಬಂದು ಜೀವ ಹೋಗಬಹುದು. ಟೈಪ್ 1 ಮಧುಮೇಹದ ಮಗುವಿಗೆ ಇನ್ಸುಲಿನ್ ತಪ್ಪಿದರೆ ಕೆಲವೇ ದಿನಗಳಲ್ಲಿ ಪ್ರಾಣಾಪಾಯ.

2. ಗುಣವಾಗದಿದ್ದರೆ ತಪ್ಪು ಯಾರದು? "ನಿಮ್ಮ ನಂಬಿಕೆ ಸಾಲದು" ಎನ್ನುವ ಕಡೆ ರೋಗಿ ನೋವಿನ ಜೊತೆಗೆ ಅಪರಾಧವನ್ನೂ ಹೊರಬೇಕಾಗುತ್ತದೆ.

3. ಹಣದ ಲೆಕ್ಕ ಯಾರು ನೋಡುತ್ತಾರೆ? ದಶಮಾಂಶ, ಅಂದರೆ ಆದಾಯದ ಹತ್ತರಲ್ಲೊಂದು ಪಾಲು ಕೊಡುವುದು ಹಲವು ಚರ್ಚುಗಳ ಪದ್ಧತಿ. ವರ್ಷದ ಜಮಾಖರ್ಚನ್ನು ಎಲ್ಲರ ಮುಂದೆ ಇಡುತ್ತಾರೆಯೇ? "ಸಾಲ ಮಾಡಿಯಾದರೂ ಕೊಡಿ, ದೇವರು ಹತ್ತುಪಟ್ಟು ಕೊಡುತ್ತಾನೆ" ಎನ್ನುತ್ತಾರೆಯೇ?

4. ಮನೆಯವರೊಡನೆ ಸಂಬಂಧ ಉಳಿಯುತ್ತದೆಯೇ? ಅಪ್ಪ ಅಮ್ಮನ ಮನೆಯ ಊಟವೂ ಬೇಡ, ಹಳೆಯ ಸ್ನೇಹಿತರೂ ಬೇಡ ಎನ್ನುವ ಗುಂಪು ನಿಮ್ಮನ್ನು ಒಂಟಿ ಮಾಡುತ್ತಿದೆ.

5. ಬಿಟ್ಟುಹೋದವರ ಬಗ್ಗೆ ಹೇಗೆ ಮಾತಾಡುತ್ತಾರೆ? ಬಿಟ್ಟವರಿಗೆ ಶಾಪ ತಟ್ಟಿತು, ಅಪಘಾತವಾಯಿತು ಎಂದು ಕಥೆ ಹೇಳುವ ಕಡೆ ಬಾಗಿಲು ಒಳಕ್ಕೆ ಮಾತ್ರ ತೆರೆಯುತ್ತದೆ.

ಇವೇ ಐದು ಪ್ರಶ್ನೆಗಳನ್ನು ಯಾವ ಆಶ್ರಮಕ್ಕೂ ಬಾಬಾಗೂ ದರ್ಗಾಕ್ಕೂ ಪ್ರಶ್ನೆ ಹೇಳುವವರಿಗೂ ಕೇಳಬಹುದು. ಕೇಳಲೇಬೇಕು ಕೂಡ.

ಹೋದರೆ ಜಾತಿ ಪ್ರಮಾಣಪತ್ರ ಹೋಗುತ್ತದೆಯೇ?

ಪ್ರಾರ್ಥನೆಗೆ ಹೋಗಿ ಕೂತರೆ ಅದು ಮತಾಂತರವಲ್ಲ. ತನಗೆ ಬೇಕಾದ ಧರ್ಮವನ್ನು ಅನುಸರಿಸುವ ಹಕ್ಕನ್ನು ಸಂವಿಧಾನದ 25ನೇ ವಿಧಿ ಕೊಟ್ಟಿದೆ.

ಮತಾಂತರವಾದರೆ ಮಾತ್ರ ವ್ಯತ್ಯಾಸವಿದೆ. 1950ರ ರಾಷ್ಟ್ರಪತಿ ಆದೇಶ ಮತ್ತು ಅದರ ತಿದ್ದುಪಡಿಗಳ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂ, ಸಿಖ್, ಬೌದ್ಧರಿಗಷ್ಟೇ ಸಿಗುತ್ತದೆ. ಹಾಗಾಗಿ ಕ್ರೈಸ್ತರಾದ ದಲಿತರು ಅದನ್ನು ಕಳೆದುಕೊಳ್ಳುತ್ತಾರೆ. ಪರಿಶಿಷ್ಟ ಪಂಗಡಕ್ಕೆ ಧರ್ಮದ ಈ ಷರತ್ತಿಲ್ಲ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಉತ್ತರ ಕನ್ನಡದ ಸಿದ್ದಿಗಳು ಯಾವ ಧರ್ಮದವರಾದರೂ ಸಿದ್ದಿಗಳೇ. ಎರಡನ್ನೂ ಬೆರೆಸಿ ಹೆದರಿಸುವ ಸಂದೇಶ ಬಂದರೆ ನಂಬಬೇಡಿ. "ಏನೂ ಬದಲಾಗುವುದಿಲ್ಲ, ಸಹಿ ಹಾಕಿ" ಎಂದು ದಲಿತ ಕುಟುಂಬಕ್ಕೆ ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ.

ಫಾರ್ವರ್ಡ್ ಮಾಡುವ ಮೊದಲು

ಪವಾಡದ ವಿಡಿಯೊ ಬಂದರೆ ಮೂರು ವಿಷಯ ಹುಡುಕಿ: ರೋಗವನ್ನು ಮೊದಲು ಪತ್ತೆ ಮಾಡಿದ ಆಸ್ಪತ್ರೆ ಯಾವುದು, ಆ ಸಮಯದಲ್ಲಿ ಬೇರೆ ಚಿಕಿತ್ಸೆ ನಡೆದಿತ್ತೇ, ಆರು ತಿಂಗಳ ನಂತರ ಅವರು ಹೇಗಿದ್ದಾರೆ. ಮೂರಕ್ಕೂ ಉತ್ತರವಿಲ್ಲದಿದ್ದರೆ ಮುಂದೆ ಕಳಿಸಬೇಡಿ. ಅದನ್ನು ನೋಡುವವರಲ್ಲಿ ಮಾತ್ರೆ ಬಿಡಲೋ ಬೇಡವೋ ಎಂದು ಯೋಚಿಸುತ್ತಿರುವವರು ಒಬ್ಬರಾದರೂ ಇರಬಹುದು.

ಡಿಸೆಂಬರ್‌ನಿಂದ ಮೇವರೆಗೆ ಕಾಡಂಚಿನ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಪ್ರಾರ್ಥನೆಯನ್ನು ಎಲ್ಲಿ ಬೇಕಾದರೂ ಮಾಡಿ, ರಕ್ತಪರೀಕ್ಷೆಗೆ ಮಾತ್ರ ಆಸ್ಪತ್ರೆಗೇ ಹೋಗಿ. ಜ್ವರ ಬಿಟ್ಟ ಮೇಲೂ ಎರಡು ವಾರ ರೋಗಿಯ ಮೇಲೆ ಕಣ್ಣಿಟ್ಟಿರಿ.